ಪದಚರ್ಚೆ: ‘ಲೀಗಲ್ ನೇಮ್’, ‘ಫೆಲನಿ’, ‘ಕನ್ವಿಕ್ಟ್’ – ನೀವಾಗಿದ್ರೆ ಏನು ಬರೀತಿದ್ರಿ?

ಎಲ್ಲರಿಗೂ ನಮಸ್ಕಾರ,

ಒಂದು ಅನುವಾದದ ಕೆಲಸ ಒಪ್ಕೊಂಡು ಮೂರು ದಿನದಿಂದ ಮೊದಲನೇ ಪುಟದಲ್ಲೇ ಕೂತಿದೀನಿ. ಕ್ರಿಮಿನಲ್ ಕೇಸಲ್ಲಿ ಶಿಕ್ಷೆ ಆದವರು ಕೋರ್ಟಿಗೆ ಅರ್ಜಿ ಹಾಕಿ ಹೆಸರು ಬದಲಾಯಿಸ್ಕೊಳ್ಳೋಕೆ ಹೋದ್ರೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕಾನೂನು ಅಡ್ಡ ಬರುತ್ತಂತೆ, ಲೇಖನ ಅದರ ಬಗ್ಗೆ, ಕೆನಡಾ ಮತ್ತೆ ಇಂಗ್ಲೆಂಡಿಂದೂ ಸ್ವಲ್ಪ ಸ್ವಲ್ಪ ಇದೆ. ವಿಷಯ ಅರ್ಥ ಆಗುತ್ತೆ, ಪದಗಳೇ ಕೈ ಕೊಡ್ತಿರೋದು. ಸಂಪಾದಕರು ಕೊಟ್ಟಿರೋ ತಲೆಬರಹ ‘ಅಪರಾಧಿಗಳಿಗೆ ಹೆಸರು ಬದಲಾವಣೆ ನಿಷೇಧ’ ಅಂತ, ನಾಲ್ಕೇ ಪದ, ನಾಲ್ಕರಲ್ಲಿ ಮೂರು ನನಗೆ ಸರಿಕಾಣ್ತಿಲ್ಲ. ಸುಮ್ನೆ ತಕರಾರು ಅಂದ್ಕೋಬೇಡಿ, ಓದ್ತಾ ಹೋಗಿ.

ಮೊದಲು, ತಲೆಬರಹದಲ್ಲಿ ಇಲ್ದಿದ್ರೂ ಲೇಖನದಲ್ಲಿ ಬರೋ ‘ಫೆಲನಿ’, ಅಂದ್ರೆ ಅಮೆರಿಕದ ಕಾನೂನಲ್ಲಿ ದೊಡ್ಡ ದರ್ಜೆಯ ಅಪರಾಧ. ನಿಘಂಟು ತೆಗೆದ್ರೆ ಘೋರಾಪರಾಧ, ಮಹಾಪರಾಧ ಅಂತ ಸಿಗುತ್ತೆ. ಈಗ ಇಲಿನಾಯ್ ರಾಜ್ಯ ತಗೊಳ್ಳಿ, ಅಲ್ಲಿ ಅಂಗಡಿಯಿಂದ 300 ಡಾಲರಿಗಿಂತ ಜಾಸ್ತಿ ಬೆಲೆಯ ಮಾಲು ಎತ್ಕೊಂಡು ಹೋದ್ರೆ ಅದೂ ಫೆಲನಿನೇ, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 25 ಸಾವಿರ ರೂಪಾಯಿ, ಒಂದು ಒಳ್ಳೆ ಜಾಕೆಟ್ಟು ಒಂದು ಜೊತೆ ಶೂ. ಇದನ್ನ ‘ಘೋರ’ ಅಂತ ಬರೆದ್ರೆ ನಮ್ಮ ಓದುಗರ ಕಣ್ಣಿಗೆ ಮಚ್ಚು ಲಾಂಗು ಬರುತ್ತೆ. ನಮ್ಮ ಕಾನೂನಲ್ಲಿ ಫೆಲನಿ, ಮಿಸ್‌ಡಿಮೀನರ್ (ಸಣ್ಣ ದರ್ಜೆಯ ಅಪರಾಧ) ಅನ್ನೋ ಭಾಗಾನೇ ಇಲ್ಲ, ನಮ್ದು ಸಂಜ್ಞೇಯ ಅಸಂಜ್ಞೇಯ, ಅದು ಪೊಲೀಸರು ವಾರಂಟಿಲ್ದೆ ಹಿಡೀಬಹುದಾ ಇಲ್ವಾ ಅನ್ನೋದರ ಮೇಲೆ ನಿಂತಿರೋದು, ಅದನ್ನ ತಂದು ಇದಕ್ಕೆ ಅಂಟಿಸೋಕಾಗಲ್ಲ. ಹಾಗಾಗಿ ‘ಫೆಲನಿ’ ಅಂತಲೇ ಇಟ್ಟು ಒಂದು ಸಾಲು ವಿವರಣೆ ಕೊಡೋಣ ಅಂತಿದೀನಿ. ಬೇಲು, ಪೆರೋಲು, ವಾರಂಟು ಎಲ್ಲಾ ನಮ್ಮದೇ ಆಗಿರುವಾಗ ಇದೊಂದು ಹೆಚ್ಚಾಗಲ್ಲ. ಬೇಡ ಅನ್ನೋರು ಬದಲಿ ಪದ ಕೊಟ್ಟು ಬೇಡ ಅನ್ನಿ.

ಎರಡನೇದು ‘ನಿಷೇಧ’. ಇಲ್ಲಿ ಬರೀ ಪದ ಅಲ್ಲ, ವಿಷಯಾನೇ ತಪ್ಪಾಗುತ್ತೆ. ಇಲಿನಾಯ್‌ನಲ್ಲಿ ಮುಂಚೆ ಇದ್ದಿದ್ದು ಕಾಯೋ ನಿಯಮ, ಫೆಲನಿ ಕೇಸಲ್ಲಿ ಶಿಕ್ಷೆ ಪೂರ್ತಿ ಮುಗಿದು ಹತ್ತು ವರ್ಷ ಆಗೋ ತನಕ ಹೆಸರಿನ ಅರ್ಜಿ ಹಾಕೋ ಹಾಗಿರ್ಲಿಲ್ಲ, ಬೇರೆಯವರ ಗುರುತು ಕದ್ದ ಕೇಸಿನವರಿಗೆ ಮತ್ತು ಲೈಂಗಿಕ ಅಪರಾಧದ ರಿಜಿಸ್ಟ್ರಿಯಲ್ಲಿ (ಅಂಥವರ ಹೆಸರಿರೋ ಸರ್ಕಾರಿ ಪಟ್ಟಿ) ಇರೋರಿಗೆ ಇನ್ನೂ ಬಿಗಿ. 2019ರಲ್ಲಿ ಟ್ರಾನ್ಸ್ ಮಹಿಳೆಯರು ಕೋರ್ಟಿಗೆ ಹೋದ್ರು, 2023ರಲ್ಲಿ ಶಾಸನಸಭೆ ಆ ಹತ್ತು ವರ್ಷದ ಕಾಯುವಿಕೆ ತೆಗೆದುಹಾಕ್ತು. ಪೆನ್ಸಿಲ್ವೇನಿಯಾದಲ್ಲಿ ಎರಡು ಥರ, ಸಾಮಾನ್ಯ ಫೆಲನಿ ಆದ್ರೆ ಶಿಕ್ಷೆ ಮುಗಿದ ಮೇಲೆ ಎರಡು ವರ್ಷ ಕಾಯಬೇಕು, ಕೊಲೆ, ಅತ್ಯಾಚಾರ, ಅಪಹರಣ, ದರೋಡೆ, ಬೆಂಕಿ ಇಡೋದು, ಇಂಥ ಒಂದು ಪಟ್ಟಿ ಇದೆ, ಅದರಲ್ಲಿ ಸಿಕ್ಕೊಂಡ್ರೆ ಜನ್ಮಪೂರ್ತಿ ಇಲ್ಲ. ಇಂಗ್ಲೆಂಡಲ್ಲಿ ಇದ್ಯಾವುದೂ ಅಲ್ಲ, 2003ರ ಲೈಂಗಿಕ ಅಪರಾಧಗಳ ಕಾಯ್ದೆ ಪ್ರಕಾರ ರಿಜಿಸ್ಟರಲ್ಲಿರೋನು ಹೆಸರು ಬದಲಾಯಿಸಿದ ಮೂರು ದಿನದೊಳಗೆ ಪೊಲೀಸರಿಗೆ ತಿಳಿಸಬೇಕು, ತಿಳಿಸ್ದೇ ಇದ್ರೆ ಐದು ವರ್ಷದವರೆಗೂ ಜೈಲು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕೈದಿ ಅಥವಾ ಪೆರೋಲ್ ಮೇಲಿರೋನು ಮೇಲ್ವಿಚಾರಣೆ ಮಾಡೋ ಅಧಿಕಾರಿಯ ಒಪ್ಪಿಗೆ ತಗೊಂಡೇ ಅರ್ಜಿ ಹಾಕಬೇಕು. ನೋಡಿ, ಒಂದು ಕಡೆ ತಡೆ, ಒಂದು ಕಡೆ ವಾಯಿದೆ, ಒಂದು ಕಡೆ ಬರೀ ವರದಿ, ಒಂದು ಕಡೆ ಪರ್ಮಿಷನ್ನು. ಎಲ್ಲಕ್ಕೂ ‘ನಿಷೇಧ’ ಅಂತ ಒಂದೇ ಬೀಗ ಜಡಿದ್ರೆ ಹೆಂಗೆ? ‘ನಿರ್ಬಂಧ’ ಪರವಾಗಿಲ್ಲ ಅನ್ಸುತ್ತೆ, ಆದ್ರೆ ಸಂಪಾದಕರ ಪ್ರಕಾರ ಅದಕ್ಕೆ ಪಂಚ್ ಇಲ್ಲವಂತೆ. ಪಂಚಿಗೋಸ್ಕರ ಸುಳ್ಳು ಬರೆಯೋದಾ ಅಂತ ಕೇಳಿದೆ, ಫೋನಿಟ್ರು.

ಈಗ ನನಗೆ ನಿಜವಾಗ್ಲೂ ತಲೆ ಕೆಡಿಸಿರೋ ಪದ, ‘ಅಪರಾಧಿ’, ಇಂಗ್ಲಿಷಿನ ‘ಕನ್ವಿಕ್ಟ್’ ಜಾಗಕ್ಕೆ ಬಂದಿರೋದು.

ನಮ್ಮ ಪೇಪರ್‌ಗಳಲ್ಲಿ ಆರೋಪಿ, ಅಪರಾಧಿ ಅನ್ನೋ ವ್ಯತ್ಯಾಸ ಈಗ ಚೆನ್ನಾಗಿ ನೆಲೆ ನಿಂತಿದೆ, ತೀರ್ಪು ಬರೋ ತನಕ ಆರೋಪಿ, ಬಂದ ಮೇಲೆ ಅಪರಾಧಿ. ಸರಿ, ಶಿಕ್ಷೆ ಮುಗಿಸಿ ಹೊರಗೆ ಬಂದ ಮೇಲೆ? ಅದಕ್ಕೆ ಪದಾನೇ ಇಲ್ಲ. ‘ಮಾಜಿ ಅಪರಾಧಿ’ ಅಂದ್ರೆ ಮಾಜಿ ಶಾಸಕ ಅಂದ ಹಾಗೆ, ಮುಂದಿನ ಚುನಾವಣೇಲಿ ಮತ್ತೆ ನಿಲ್ತಾನೇನೋ ಅನ್ಸುತ್ತೆ. ‘ದೋಷಿ’ ಅಂತ ಕೆಲವರು ಬರೀತಾರೆ, ನನಗದು ಸರ್ಪದೋಷ ಕುಜದೋಷದ ಪಕ್ಕದ ಮನೆ ಥರ ಕೇಳ್ಸುತ್ತೆ. ಸ್ನೇಹಿತರೊಬ್ರು ‘ಸಿದ್ಧದೋಷಿ’ ಅಂದ್ರು, ಸಿದ್ಧ ಉಡುಪು ಇದ್ದ ಹಾಗೆ, ಹೊಲಿಗೆ ಹಾಕಿ ಹ್ಯಾಂಗರಿಗೆ ನೇತುಹಾಕಿರೋ ದೋಷಿ.

ನನ್ನ ಮಾವ ಉತ್ತರ ಕರ್ನಾಟಕದ ಜೈಲಿನಲ್ಲಿ ವಾರ್ಡರ್ ಆಗಿ ರಿಟೈರ್ ಆದವರು. ಅವರಿಗೆ ಫೋನ್ ಮಾಡಿ ‘ಅಪರಾಧಿಗೆ ನೀವು ಒಳಗೆ ಏನಂತಿದ್ರಿ’ ಅಂತ ಕೇಳಿದೆ. ‘ಯಾಂವ ಅಂತಾನಪಾ ಅಪರಾಧಿ ಅಂತ, ಅದು ಪೇಪರಿನ್ಯಾಗ. ನಮ್ಮಲ್ಲಿ ಸಜಾ ಆದಾಂವ ಅಂತಿದ್ವಿ, ಸಜಾ ಆಗದಿದ್ರ ಯೂಟಿ. ಸಜಾ ಮುಗಿಸಿ ಹ್ವಾದ ಮ್ಯಾಲೆ ಹೆಸರು ಹಿಡಿದು ಕರೀತಿದ್ವಿ’ ಅಂದ್ರು. ಯೂಟಿ ಅಂದ್ರೆ ಅಂಡರ್ ಟ್ರಯಲ್, ಇನ್ನೂ ವಿಚಾರಣೆ ನಡೀತಿರೋ ಕೈದಿ. ಒಳಗಿರೋವಾಗ ಸಜಾ ಆದವನಿಗೆ ಸಿಟಿಪಿ ನಂಬರು, ಇನ್ನೂ ವಿಚಾರಣೆ ನಡೀತಿದ್ರೆ ಯುಟಿಪಿ ನಂಬರು, ಪೆರೋಲ್ ಆರ್ಡರಲ್ಲೂ ಹೆಸರಿನ ಪಕ್ಕ ಆ ನಂಬರೇ ಕೂತಿರುತ್ತೆ. ‘ಹೊರಗ ಬಂದವಗ ಮೊದಲ ವಾಪಸ್ ಸಿಗೂದು ಹೆಸರು, ಆಮ್ಯಾಲೆ ಅಂಗಿ’ ಅಂದ್ರು, ಇದನ್ನ ಲೇಖನದಲ್ಲಿ ಎಲ್ಲಾದ್ರೂ ತುರುಕಬೇಕು ಅಂತ ಆಸೆ, ಅನುವಾದಕನಿಗೆ ಆ ಹಕ್ಕಿಲ್ಲ ಅಂತಾನೂ ಗೊತ್ತು.

ಆದ್ರೆ ಅವರ ‘ಸಜಾ ಆದಾಂವ’ ನೋಡಿ. ‘ಅಪರಾಧಿ’ ಅಂದ್ರೆ ಆ ಮನುಷ್ಯ ಏನು ಅಂತ ಹೇಳಿಬಿಡುತ್ತೆ, ‘ಶಿಕ್ಷೆ ಆದವನು’ ಅಂದ್ರೆ ಅವನಿಗೆ ಏನಾಯ್ತು ಅಂತ ಹೇಳುತ್ತೆ. ಜ್ವರ ಬಂದವನು, ಮದುವೆ ಆದವನು, ಹಂಗೆ. ಕನ್ನಡದ ಕೃದಂತಕ್ಕೆ ಈ ಒಂದು ಗುಣ ಇದೆ, ಒಬ್ಬನ ಮೇಲೆ ಮುದ್ರೆ ಒತ್ತದೇ ಆಗಿದ್ದನ್ನ ಹೇಳಿ ಮುಗಿಸಬಹುದು. ಅದಕ್ಕೇ ನಾನು ಲೇಖನದ ತುಂಬ ‘ಶಿಕ್ಷೆಯಾದವರು’ ಅಂತ ಹಾಕ್ಕೊಂಡು ಬರ್ತಿದ್ದೆ, ಖುಷಿಯಾಗೇ ಇದ್ದೆ.

ಅಷ್ಟರಲ್ಲಿ ವಿಸ್ಕಾನ್ಸಿನ್ ಬಂತು.

ಅಮೆರಿಕದ ಆ ರಾಜ್ಯದ ಸುಪ್ರೀಂ ಕೋರ್ಟು 2022ರಲ್ಲಿ ಕೊಟ್ಟ ತೀರ್ಪು ಅದು, ನಾಲ್ವರು ಜಡ್ಜ್ ಒಂದು ಕಡೆ, ಮೂವರು ಇನ್ನೊಂದು ಕಡೆ. ತೀರ್ಪಲ್ಲಿ ಹೆಸರು ಬದಲಾಯಿಸ್ಕೊಳ್ಳೋಕೆ ಹೊರಟ ಟ್ರಾನ್ಸ್ ಮಹಿಳೆಯನ್ನ ‘ಎಲ್ಲಾ’ ಅಂತ ಕರೆದಿದಾರೆ (ಕನ್ನಡದಲ್ಲಿ ಬರೆದ್ರೆ ‘ಎಲ್ಲಾ’ ಆಗುತ್ತೆ, ಆಲ್ ಅಂತ ಓದ್ಕೊಂಡು ಬಿಡ್ತಾರೆ, ‘ಎಲ್ಲ’ ಬರೆದ್ರೂ ಅದೇ ಕಥೆ, ಕೋಟ್ ಹಾಕೋದು ಬಿಟ್ಟು ಬೇರೆ ದಾರಿ ಇದ್ರೆ ಹೇಳಿ). ಹದಿನೈದನೇ ವಯಸ್ಸಲ್ಲಿ ಮಾಡಿದ ಲೈಂಗಿಕ ದೌರ್ಜನ್ಯಕ್ಕೆ ಬಾಲ ನ್ಯಾಯಾಲಯ ಆಕೆಯನ್ನ 15 ವರ್ಷ ರಿಜಿಸ್ಟ್ರಿಗೆ ಹಾಕಿತ್ತು. ರಿಜಿಸ್ಟ್ರಿಯಲ್ಲಿ ಇರೋ ತನಕ ಹೆಸರು ಬದಲಾಯಿಸೋ ಹಾಗಿಲ್ಲ ಅಂತ ಅಲ್ಲಿನ ಕಾನೂನು. ಆಮೇಲೆ ಆಕೆ ಹೆಣ್ಣಾಗಿ ಬದುಕೋಕೆ ಶುರು ಮಾಡಿದ್ಳು, ಕೈಲಿರೋ ಕಾರ್ಡಲ್ಲಿ ಮಾತ್ರ ಗಂಡು ಹೆಸರು. ತೋರಿಸಿದ ಕಡೆಯೆಲ್ಲಾ ಗುಟ್ಟು ಬಯಲಾಗುತ್ತೆ, ಇದು ನನ್ನ ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ವಾದ. ಕೋರ್ಟಿನ ಬಹುಮತ ಒಪ್ಪಲಿಲ್ಲ.

ಇಲ್ಲಿ ‘ಶಿಕ್ಷೆಯಾದವರು’ ಅಂತ ಬರೆಯೋಕಾಗುತ್ತಾ? ಬಾಲ ನ್ಯಾಯಾಲಯದಲ್ಲಿ ಕನ್ವಿಕ್ಷನ್ನೇ (ಅಪರಾಧಿ ಅನ್ನೋ ತೀರ್ಪು) ಇರಲ್ಲ. ನಮ್ಮಲ್ಲಿ ಪೇಪರ್‌ನೋರು ‘ಬಾಲಾಪರಾಧಿ’ ಅಂತ ಬರೆದುಬಿಡ್ತಾರೆ, ಸರ್ಕಾರಿ ಕನ್ನಡದಲ್ಲಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’, ಅದನ್ನ ಮುಗಿಸೋಷ್ಟರಲ್ಲಿ ಮಗು ದೊಡ್ಡದಾಗಿರುತ್ತೆ. ಕೆನಡಾದ್ದು ಇನ್ನೂ ವಿಚಿತ್ರ. ಬ್ರಿಟಿಷ್ ಕೊಲಂಬಿಯಾದ ಮೆರಿಟ್ ಅನ್ನೋ ಊರಲ್ಲಿ 2008ರಲ್ಲಿ ಒಬ್ಬ ತನ್ನ ಮೂರು ಮಕ್ಕಳನ್ನ ಕೊಂದ, 2010ರಲ್ಲಿ ಕೋರ್ಟು ಮಾನಸಿಕ ಅಸ್ವಸ್ಥತೆಯಿಂದ ಅವನು ಕ್ರಿಮಿನಲ್ ಹೊಣೆಗಾರ ಅಲ್ಲ ಅಂತ ಹೇಳ್ತು. ಅವನು ಹೆಸರು ಬದಲಾಯಿಸ್ಕೊಂಡಿದಾನೆ ಅಂತ 2024ರಲ್ಲಿ ಸುದ್ದಿಯಾಯ್ತು, ಜನ ಸಿಟ್ಟಾದ್ರು, ಅದೇ ವರ್ಷ ಆ ಪ್ರಾಂತ್ಯದಲ್ಲಿ ಜನರ ಹೆಸರು ಬದಲಾವಣೆಯ ಕಾಯ್ದೆ ಬಿಗಿ ಮಾಡೋ ತಿದ್ದುಪಡಿ ಬಂತು. ಸಿಟ್ಟು ಬಂದಿದ್ದು ತಪ್ಪು ಅಂತ ನಾನು ಹೇಳಲ್ಲ, ಆ ಮಕ್ಕಳ ತಾಯಿ ಕಡೆಯಿಂದ ಯೋಚಿಸಿದ್ರೆ ಮೈ ಜುಂ ಅನ್ನುತ್ತೆ. ಆದ್ರೆ ಪದದ ಲೆಕ್ಕದಲ್ಲಿ ಅವನು ಅಪರಾಧಿನೂ ಅಲ್ಲ, ಶಿಕ್ಷೆಯಾದವನೂ ಅಲ್ಲ. ಅಂದ್ರೆ ಲೇಖನದಲ್ಲಿ ಅತಿ ಹೆಚ್ಚು ಜಾಗ ತಗೊಂಡಿರೋ ಎರಡು ಕೇಸಿಗೂ ತಲೆಬರಹದ ಮೊದಲ ಪದ ಹೊಂದಲ್ಲ.

ಕೊನೇದು ತಲೆಬರಹದ ‘ಹೆಸರು’, ಮೂಲದಲ್ಲಿ ‘ಲೀಗಲ್ ನೇಮ್’, ಅಂದ್ರೆ ಸರ್ಕಾರಿ ದಾಖಲೆಯಲ್ಲಿರೋ ಹೆಸರು. ‘ಕಾನೂನುಬದ್ಧ ಹೆಸರು’ ಅಂತ ಬರೆದೆ, ಹಂಗಾದ್ರೆ ಮನೇಲಿ ಪುಟ್ಟಿ ಅಂತ ಕರೆಯೋದು ಕಾನೂನುಬಾಹಿರವಾ ಅಂತ ಮಗಳು ಕೇಳಿದ್ಳು. ‘ಅಧಿಕೃತ ಹೆಸರು’ ಸ್ವಲ್ಪ ವಾಸಿ. ಆದ್ರೆ ನಮ್ಮೂರ ಕಡೆ ಶಾಲೆಗೆ ಸೇರಿಸೋಕೆ ಹೋದಾಗ ಮೇಷ್ಟ್ರು ಕೇಳೋದು ಹೇಗೆ ಜ್ಞಾಪಿಸ್ಕೊಳ್ಳಿ: ‘ಕರೆಯೋ ಹೆಸರು ಬ್ಯಾಡ, ಬರೆಯೋ ಹೆಸರು ಹೇಳು’. ಕರೆಯೋ ಹೆಸರು, ಬರೆಯೋ ಹೆಸರು! ವಿಸ್ಕಾನ್ಸಿನ್ ಕೋರ್ಟು ಅಷ್ಟುದ್ದ ತೀರ್ಪಲ್ಲಿ ಹೇಳಿದ್ದೂ ಇದನ್ನೇ. ನೀನು ನಿನ್ನನ್ನ ಹೇಗೆ ಬೇಕಾದ್ರೂ ಕರ್ಕೋ, ರಿಜಿಸ್ಟ್ರಿಗೆ ತಿಳಿಸಿದ್ರೆ ಆ ಹೆಸರು ಬಳಸೋಕೂ ಅಡ್ಡಿ ಇಲ್ಲ, ಆದ್ರೆ ಬರೆಯೋ ಹೆಸರು ತಿದ್ದಿಕೊಡು ಅಂತ ಸರ್ಕಾರವನ್ನ ಒತ್ತಾಯ ಮಾಡೋ ಹಕ್ಕು ವಾಕ್ ಸ್ವಾತಂತ್ರ್ಯದಲ್ಲಿ ಬರಲ್ಲ ಅಂತ. ಹೋಲಿಕೆಗೆ, ನಮ್ಮ ಸುಪ್ರೀಂ ಕೋರ್ಟು 2021ರಲ್ಲಿ ಸಿಬಿಎಸ್‌ಇ ಸರ್ಟಿಫಿಕೇಟಿನ ಹೆಸರಿನ ಕೇಸಲ್ಲಿ ಹೆಸರು ಅನ್ನೋದು ಸಂವಿಧಾನದ ವಾಕ್ ಸ್ವಾತಂತ್ರ್ಯದ ವಿಧಿ 19(1)(ಎ) ಕೆಳಗೆ ಬರೋ ಅಭಿವ್ಯಕ್ತಿ ಅಂತಲೇ ಹೇಳಿದೆ. ಒಂದೇ ವಾದ, ಎರಡು ದೇಶದಲ್ಲಿ ಎರಡು ಉತ್ತರ.

ಆ ‘ತಿಳಿಸಿ ಬಳಸೋ’ ಹೆಸರಿಗೆ ಅಲ್ಲಿ ‘ಅಲಿಯಾಸ್’ ಅಂತಾರೆ. ನಮ್ಮಲ್ಲಿ ಇದಕ್ಕೆ ಗಟ್ಟಿ ಪದ ಇದೆ, ‘ಉರುಫ್’, ಆದ್ರೆ ಅದು ಪೂರ್ತಿ ಪೊಲೀಸ್ ಸ್ಟೇಷನ್ ಸೇರ್ಕೊಂಡಿದೆ. ಎಫ್‌ಐಆರಲ್ಲಂತೂ ಅದೂ ಹೋಗಿ ಇಮೇಲ್ ವಿಳಾಸದ ಸುತ್ತು ‘ಎ’ ಚಿಹ್ನೆ ಬಂದಿದೆ, ‘ಸೀನ ಅಟ್ ದಿ ರೇಟ್ ಗರಗಸ ಸೀನ’ ಅಂತ ಓದಿದ್ದನ್ನ ನಾನೇ ಕಿವಿಯಾರೆ ಕೇಳಿದೀನಿ. ಆಸ್ತಿ ಪತ್ರದಲ್ಲಿ ಮಾತ್ರ ‘ನಂಜಮ್ಮ ಉರುಫ್ ನಂಜುಂಡಮ್ಮ’ ಅಂತ ಇನ್ನೂ ಮರ್ಯಾದೆಯಾಗಿ ಬದುಕಿದೆ. ತನ್ನ ನಿಜವಾದ ಹೆಸರು ಅಂತ ನಂಬಿರೋ ಒಬ್ಬಳ ಹೆಸರಿನ ಹಿಂದೆ ‘ಉರುಫ್’ ಹಾಕಿದ್ರೆ ಅವಮಾನ ಅನ್ಸುತ್ತಾ? ನನಗೆ ಅನ್ಸುತ್ತೆ, ಆದ್ರೆ ಕಾನೂನು ಮಾಡ್ತಿರೋದೂ ಅದನ್ನೇ ಅಲ್ವಾ, ಹಂಗಾದ್ರೆ ಆ ಕಹಿ ಪದದಲ್ಲೇ ಉಳೀಲಿ ಅಂತಾನೂ ಅನ್ಸುತ್ತೆ. ಇನ್ನು ‘ಮರುನಾಮಕರಣ’ ಅಂತ ಯಾರೋ ಸಲಹೆ ಕೊಡ್ತಾರೆ ಅಂತ ಗೊತ್ತು, ಅದು 2014ರಲ್ಲಿ ಬೆಂಗಳೂರು ಬೆಳಗಾವಿಗಳಿಗೆ ಆಗಿದ್ದು, ಮನುಷ್ಯರಿಗೆ ಆಗೋದು ‘ಹೆಸರು ಬದಲಾವಣೆ’ನೇ. ಪೇಪರಿನ ಸಣ್ಣ ಜಾಹೀರಾತಲ್ಲೂ ಹಾಗೇ ಬರೋದು, ‘ಇನ್ನು ಮುಂದೆ ಇದೇ ಹೆಸರಿನಿಂದ ಗುರುತಿಸಿಕೊಳ್ಳುವವಳಾಗಿರುತ್ತೇನೆ’ ಅಂತ. ಈ ‘ಆಗಿರುತ್ತೇನೆ’ ನೋಟರಿ ಕನ್ನಡದ ಬಗ್ಗೆ ಇನ್ನೊಂದಿನ ಜಗಳ ಆಡೋಣ.

ಒಂದು ಕಡೇ ಅನುಮಾನ, ಧಾರವಾಡದ ಕಡೆಯವರಿಗೆ. ನಿಮ್ಮಲ್ಲಿ ‘ಹೆಸರಿಡೋದು’ ಅಂದ್ರೆ ತಪ್ಪು ಎತ್ತಿ ಆಡೋದು ಅಂತಾನೂ ಇದೆಯಲ್ಲ, ‘ಮಂದಿ ಹೆಸರಿಡ್ತಾರ’ ಅಂತ. ಇದು ಮರಾಠಿಯಿಂದ ಬಂದಿದ್ದಾ ಅಥವಾ ಹಳೇದಾ? ಲೇಖನದಲ್ಲಿ ಒಂದು ಕಡೆ ‘ದೆ ನೇಮ್ಡ್ ಹಿಮ್ ಫಾರೆವರ್’ ಅಂತ ಎರಡರ್ಥದ ಸಾಲಿದೆ, ‘ಅವನಿಗೆ ಕಾಯಮ್ಮಾಗಿ ಹೆಸರಿಟ್ಟರು’ ಅಂದ್ರೆ ಅಲ್ಲಿ ಸರಿಯಾಗಿ ಕೂರುತ್ತೆ, ಆದ್ರೆ ಮೈಸೂರು ಮಂಡ್ಯದವರು ತೊಟ್ಟಿಲು ಶಾಸ್ತ್ರ ಅಂದ್ಕೊಳ್ತಾರೆ. ಮಾವನ್ನ ಕೇಳಿದ್ರೆ ‘ಬರಿ, ತಿಳೀದವರು ಕೇಳ್ತಾರ’ ಅಂದ್ರು.

ಶುಕ್ರವಾರ ಸಂಜೆಗೆ ಕಳಿಸ್ಬೇಕು. ‘ಬರೆಯೋ ಹೆಸರು’ ಪರ ನಾಲ್ಕು ಜನ ಬರೆದ್ರೂ ಸಂಪಾದಕರ ಹತ್ರ ಜಗಳಕ್ಕೆ ನಿಲ್ತೀನಿ. ‘ಅಪರಾಧಿ’ ಜಾಗಕ್ಕೆ, ಶಿಕ್ಷೆಯಾದವರು, ಬಾಲ ನ್ಯಾಯಾಲಯದವರು, ಹೊಣೆಗಾರ ಅಲ್ಲ ಅನ್ನಿಸ್ಕೊಂಡವರು ಮೂವರನ್ನೂ ಹಿಡಿಯೋ ಒಂದು ಪದ ಯಾರ ಹತ್ರಾದ್ರೂ ಇದ್ರೆ ಕೊಡಿ. ನನ್ನ ಕೈಲಿ ಸದ್ಯಕ್ಕಿರೋದು ‘ಪ್ರಕರಣದವರು’ ಅಂತ, ಅದು ಯಾಕೋ ವಕೀಲರ ಗುಮಾಸ್ತ ಕೂಗಿದ ಹಾಗಿದೆ.