377 ಹೋದರೂ ಮನಸ್ಸಿನ ಭಾರ ಯಾಕೆ ಇಳಿಯುತ್ತಿಲ್ಲ? ಕಾಸರಗೋಡಿನ ಕನ್ನಡಿಗರಿಗೆ ಹೇಳಬೇಕಾದ ವಿವರ ಬೇಕು

ಪಯಸ್ವಿನಿ ತೀರ (ಪ್ರಶ್ನೆ):

ಬದಿಯಡ್ಕ ಕಡೆಯ ಒಂದು ಗ್ರಂಥಾಲಯದಲ್ಲಿ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಹೆತ್ತವರು ಸೇರುವ ಮಾತುಕತೆಗೆ ಟಿಪ್ಪಣಿ ತಯಾರಾಗುತ್ತಿದೆ. ವಿಷಯ ಎಲ್‌ಜಿಬಿಟಿ ಜನರ, ಅಂದರೆ ಸಲಿಂಗಿ, ಬೈಸೆಕ್ಶುವಲ್, ಟ್ರಾನ್ಸ್ ಜನರ ಮಾನಸಿಕ ಆರೋಗ್ಯ. ಮೂರು ಪ್ರಶ್ನೆಗೆ ನಿಖರ ಉತ್ತರ ಬೇಕು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಕಾನೂನು (377ನೇ ಸೆಕ್ಷನ್) 2018ರಲ್ಲೇ ಬದಲಾಗಿದೆ, ಹಾಗಿರುವಾಗ ಹಳೆಯ ಕಾಲದ ನೀತಿ ಇವತ್ತಿನ ಇಪ್ಪತ್ತೈದರ ಹುಡುಗ ಹುಡುಗಿಯರ ಮನಸ್ಸಿಗೆ ಹೇಗೆ ಬಂದು ತಟ್ಟುತ್ತದೆ? "ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇರಲೇ ಇಲ್ಲ" ಎಂದು ಯಾರಾದರೂ ಎದ್ದು ನಿಂತು ಹೇಳಿದರೆ ಏನು ಉತ್ತರಿಸುವುದು? ಮೂರನೆಯದು, ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇಲ್ಲಿಯವರು ಯಾರ ಹತ್ತಿರ ಹೋಗಬೇಕು, "ಗುಣ ಮಾಡಿಸಿಕೊಡುತ್ತೇವೆ" ಅನ್ನುವವರ ಕೈಗೆ ಸಿಕ್ಕದ ಹಾಗೆ ಹೇಗೆ ನೋಡಿಕೊಳ್ಳಬೇಕು? ದಯವಿಟ್ಟು ಇಸವಿ, ಸೆಕ್ಷನ್ ಸಹಿತ ಬರೆಯಿರಿ.

ಹಳೇ ಕೆನರಾ:

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಸಭೆಯಲ್ಲಿ ಮೊದಲು ಏಳುವುದು ಅದೇ.

"ಪ್ರಕೃತಿ ನಿಯಮಕ್ಕೆ ವಿರುದ್ಧ" ಎಂಬ ಮಾತು ಭಾರತೀಯ ದಂಡಸಂಹಿತೆಯ 377ನೇ ಸೆಕ್ಷನ್ನಿನದು. ಅದರ ಬೇರು ಎಂಟನೇ ಹೆನ್ರಿಯ ಕಾಲದ 1533ರ ಇಂಗ್ಲಿಷ್ ಕಾಯ್ದೆಯಲ್ಲಿದೆ. 1860ರ ದಂಡಸಂಹಿತೆ ಜಾರಿಗೆ ಬಂದದ್ದು 1862ರ ಜನವರಿ 1ಕ್ಕೆ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಂಗ್ಲೆಂಡ್ 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿತು, ನಮ್ಮಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರಲು 2018ರ ಸೆಪ್ಟೆಂಬರ್ 6 ಆಗಬೇಕಾಯಿತು. ಒಟ್ಟು 156 ವರ್ಷ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ (2024ರ ಜುಲೈ 1ರಿಂದ) ಆ ಸೆಕ್ಷನ್ ಇಲ್ಲವೇ ಇಲ್ಲ.

ಆದರೆ "ಬ್ರಿಟಿಷರು ಬರುವ ಮೊದಲು ಎಲ್ಲವೂ ಚೆನ್ನಾಗಿತ್ತು" ಎಂದು ಮಾತ್ರ ಹೇಳಬೇಡಿ. ಅದು ಸುಳ್ಳು, ಓದಿಕೊಂಡವರೊಬ್ಬರು ಸಭೆಯಲ್ಲಿದ್ದರೆ ನಿಮ್ಮ ವಾದ ಅಲ್ಲಿಗೇ ಬೀಳುತ್ತದೆ. ಮನುಸ್ಮೃತಿ ಗಂಡಸಿನೊಡನೆ ಕೂಡಿದ ಗಂಡಸರಿಗೆ ಉಟ್ಟ ಬಟ್ಟೆಯಲ್ಲೇ ಸ್ನಾನ ಎಂಬ ಪ್ರಾಯಶ್ಚಿತ್ತ ಹೇಳುತ್ತದೆ, ಕನ್ಯೆಯನ್ನು ಕೂಡಿದ ಹೆಂಗಸಿಗೆ ತಲೆ ಬೋಳಿಸುವ, ಬೆರಳು ಕತ್ತರಿಸುವ ಶಿಕ್ಷೆ ಹೇಳುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಂಡ ಇದೆ. ಅಂದರೆ ಇಂಥವರು ಇದ್ದರು, ಅವರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳೂ ಇದ್ದವು. ಎಲ್ಲರಿಗೂ ಒಂದೇ ಅಳತೆಯಲ್ಲಿ ಜೀವಾವಧಿಯವರೆಗಿನ ಜೈಲು ಎಂಬುದು ಮಾತ್ರ 1862ರ ನಂತರದ ಕೊಡುಗೆ.

ಇನ್ನೂ ಗಟ್ಟಿಯಾದ ಉದಾಹರಣೆ ನಮ್ಮ ಮನೆಗಳಲ್ಲೇ ಇದೆ. ಚಂದ್ರಗಿರಿ ಹೊಳೆಯ ಆಚೆ ಈಚೆ ಅಳಿಯಸಂತಾನ, ಮರುಮಕ್ಕತ್ತಾಯಂ (ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿ) ನಡೆದುಕೊಂಡು ಬಂದ ಕುಟುಂಬಗಳೆಷ್ಟೋ. ಅಲ್ಲಿ "ಸಂಬಂಧ" ಎಂದು ಕರೆಯುತ್ತಿದ್ದ ಗಂಡು ಹೆಣ್ಣಿನ ಕೂಡಿಕೆಯನ್ನು ವಸಾಹತು ಕೋರ್ಟು ಮದುವೆ ಎಂದೇ ಒಪ್ಪಲಿಲ್ಲ. ಅದನ್ನು ನೋಂದಾಯಿಸಲು 1896ರಲ್ಲಿ ಮಲಬಾರ್ ವಿವಾಹ ಕಾಯ್ದೆ ಬಂತು. ಆಮೇಲೆ ಮದ್ರಾಸಿನ ಮರುಮಕ್ಕತ್ತಾಯಂ ಕಾಯ್ದೆ, 1949ರಲ್ಲಿ ಅಳಿಯಸಂತಾನ ಕಾಯ್ದೆ, ಕೊನೆಗೆ ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ 1976ರ ಡಿಸೆಂಬರಿನಿಂದ ರದ್ದು ಮಾಡಿದರು. 80 ವರ್ಷದೊಳಗೆ ಮದುವೆ, ಆಸ್ತಿ, ತಂದೆತನ ಎಲ್ಲದರ ನೀತಿಯೂ ಇಲ್ಲಿ ತಲೆಕೆಳಗಾಗಿದೆ. ಇದರಿಂದ ಸಲಿಂಗ ಸಂಬಂಧವನ್ನು ಹಿಂದಿನವರು ಒಪ್ಪಿದ್ದರು ಎಂದು ಸಿದ್ಧವಾಗುವುದಿಲ್ಲ. ಸಾವಿರಾರು ವರ್ಷದಿಂದ ಕದಲದ ಕುಟುಂಬ ನೀತಿ ಇತ್ತು ಎಂಬ ನಂಬಿಕೆ ಮಾತ್ರ ನಿಲ್ಲುವುದಿಲ್ಲ. ಅಷ್ಟು ಸಾಕು.

ಯಕ್ಷಗಾನದ ಸ್ತ್ರೀವೇಷದ ಉದಾಹರಣೆ ಕೊಡುವ ಆಸೆ ಬರುತ್ತದೆ, ಕುಂಬಳೆ ಸೀಮೆಯಲ್ಲವೇ. ಬೇಡ. ವೇಷ ಕಲೆ, ಅದರಿಂದ ಕಲಾವಿದನ ಲೈಂಗಿಕತೆ ಊಹಿಸುವುದು ಆ ಕಲಾವಿದರಿಗೆ ಮಾಡುವ ಅನ್ಯಾಯ.

ಮನಶ್ಶಾಸ್ತ್ರ ಮಂಗಳೂರು:

ಮೊದಲ ಪ್ರಶ್ನೆಗೆ. ಇಲಾನ್ ಮೇಯರ್ ಎಂಬ ಸಂಶೋಧಕ 1995ರಲ್ಲಿ ಮುಂದಿಟ್ಟು 2003ರಲ್ಲಿ ವಿಸ್ತರಿಸಿದ "ಅಲ್ಪಸಂಖ್ಯಾತ ಒತ್ತಡ" ಎಂಬ ವಿವರಣೆ ಇದಕ್ಕೆ ಸರಿಹೊಂದುತ್ತದೆ. ಹೊರಗಿನಿಂದ ಬರುವ ಪೆಟ್ಟು ಒಂದು: ಅವಮಾನ, ಹೊಡೆತ, ಕೆಲಸ ಹೋಗುವುದು. ಪೆಟ್ಟು ಬೀಳದಿದ್ದರೂ ಬೀಳಬಹುದು ಎಂಬ ಕಾಯುವಿಕೆ ಎರಡು. ಬಚ್ಚಿಡುವ ಶ್ರಮ ಮೂರು. ಊರಿನ ತೀರ್ಪನ್ನು ತಾನೇ ನುಂಗಿ ತನ್ನನ್ನು ತಾನೇ ಹೇಸುವುದು ನಾಲ್ಕು. ಕಾನೂನು ಬದಲಾದರೆ ಮೊದಲನೆಯದು ಸ್ವಲ್ಪ ತಗ್ಗುತ್ತದೆ. ಉಳಿದ ಮೂರು ಮನುಷ್ಯನ ಒಳಗೆ ನಡೆಯುವಂಥವು, ಅವಕ್ಕೆ ತೀರ್ಪಿನ ಪ್ರತಿ ತಲುಪುವುದೇ ಇಲ್ಲ.

ಬಚ್ಚಿಡುವುದು ಎಷ್ಟು ದೊಡ್ಡ ಕೆಲಸ ಎಂದು ಸಭೆಗೆ ಬಿಡಿಸಿ ಹೇಳಿ. ಮದುವೆ ಮನೆಯಲ್ಲಿ "ನಿನ್ನದು ಯಾವಾಗ" ಎಂಬುದಕ್ಕೆ ಪ್ರತಿ ಸಲ ಹೊಸ ಉತ್ತರ. "ಅವನು" ಎನ್ನುವ ಕಡೆ "ಅವಳು" ಎಂದು ನಾಲಗೆ ತಿರುಗಿಸುವುದು. ಫೋನ್ ಮೇಜಿನ ಮೇಲೆ ಕವುಚಿ ಇಡುವುದು. ಯಾರಿಗೆ ಯಾವ ಸುಳ್ಳು ಹೇಳಿದ್ದೆ ಎಂದು ನೆನಪಿಡುವುದು. ದಿನವಿಡೀ ಎಚ್ಚರ ಇದ್ದ ಮೈ ರಾತ್ರಿ ನಿದ್ದೆಗೆ ಇಳಿಯುವುದಿಲ್ಲ. ಹಾಗಾಗಿ ಇವರು ಮೊದಲು ಬರುವುದು ಮನೋವೈದ್ಯರ ಹತ್ತಿರ ಅಲ್ಲ, ಹೊಟ್ಟೆ ಉರಿ, ತಲೆನೋವು, ಎದೆ ಬಡಿತ ಎಂದು ಊರಿನ ಡಾಕ್ಟರ ಹತ್ತಿರ. ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ನಾರ್ಮಲ್ ಬರುತ್ತದೆ, ಗ್ಯಾಸಿನ ಮಾತ್ರೆ ಬರೆದು ಕಳಿಸುತ್ತಾರೆ. ಆಶಾ ಕಾರ್ಯಕರ್ತೆಯರು ಗಮನಿಸಬೇಕಾದ ಜಾಗ ಇದು.

ಕಾನೂನಿಗೆ ಬೆಲೆಯೇ ಇಲ್ಲ ಎಂದಲ್ಲ. 2004ರ ಹೊತ್ತಿಗೆ ಸಲಿಂಗ ಮದುವೆಯನ್ನು ನಿಷೇಧಿಸಿದ ಅಮೆರಿಕದ ರಾಜ್ಯಗಳಲ್ಲಿ ಸಲಿಂಗಿ, ಬೈಸೆಕ್ಶುವಲ್ ಜನರಲ್ಲಿ ಖಿನ್ನತೆಯ ವರ್ಗದ ಕಾಯಿಲೆಗಳು ಶೇ. 36.6ರಷ್ಟು ಏರಿದ್ದನ್ನು ಹಾಟ್ಜೆನ್‌ಬ್ಯೂಲರ್ ತಂಡ 2010ರಲ್ಲಿ ತೋರಿಸಿತು. ಅಂಥ ಮದುವೆಯನ್ನು ಒಪ್ಪಿದ ರಾಜ್ಯಗಳಲ್ಲಿ ಪ್ರೌಢಶಾಲಾ ಮಕ್ಕಳ ಆತ್ಮಹತ್ಯಾ ಯತ್ನ ಶೇ. 7ರಷ್ಟು ಇಳಿದದ್ದು 2017ರ ಇನ್ನೊಂದು ಅಧ್ಯಯನದಲ್ಲಿದೆ. ನಮ್ಮಲ್ಲಿ ದೆಹಲಿ ಹೈಕೋರ್ಟು 2009ರಲ್ಲಿ 377ರಿಂದ ಕೊಟ್ಟ ಬಿಡುಗಡೆಯನ್ನು ಸುಪ್ರೀಂ ಕೋರ್ಟು 2013ರ ಡಿಸೆಂಬರ್ 11ಕ್ಕೆ ಕಿತ್ತುಕೊಂಡಿತು. ಆಗ ಹದಿಮೂರು ಹದಿನಾಲ್ಕರಲ್ಲಿದ್ದ ಮಕ್ಕಳೇ ಇವತ್ತಿನ ನಿಮ್ಮ ಇಪ್ಪತ್ತೈದರವರು. ತಾವು ಯಾರೆಂದು ತಿಳಿಯುವ ವಯಸ್ಸಿನಲ್ಲೇ ಟಿವಿಯಲ್ಲಿ "ಅಪರಾಧ" ಎಂದು ಕೇಳಿದವರು.

ವೈದ್ಯಕೀಯದ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. ಅಮೆರಿಕದ ಮನೋವೈದ್ಯರ ಸಂಘ ಸಲಿಂಗತ್ವವನ್ನು ಕಾಯಿಲೆಯ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ಕ್ಕೆ. ಆದರೂ "ತನ್ನ ಲೈಂಗಿಕತೆ ತನಗೇ ಒಗ್ಗದಿರುವುದು" ಎಂಬ ರೋಗನಾಮ ಉಳಿದಿತ್ತು. 2022ರಲ್ಲಿ ಜಾರಿಗೆ ಬಂದ ಆ ಸಂಸ್ಥೆಯ ಹೊಸ ರೋಗಪಟ್ಟಿ ಐಸಿಡಿ-11ರಲ್ಲಿ ಅದೂ ಹೋಯಿತು. 2024ರ ಆಗಸ್ಟ್ ಕೊನೆಯಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ಪಠ್ಯಕ್ರಮದಲ್ಲಿ ಹೆಂಗಸರ ಸಲಿಂಗ ಸಂಬಂಧವನ್ನು ಮತ್ತೆ "ಅಸ್ವಾಭಾವಿಕ ಅಪರಾಧ" ಎಂದು ಸೇರಿಸಿದ್ದರು. ಪ್ರತಿಭಟನೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. ಹಳೆಯ ನೀತಿ ಎಲ್ಲಿ ಅಡಗಿದೆ ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಇಲ್ಲ.

ಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ? ಮೇಲೆ ಹೇಳಿದ ನಾಲ್ಕನೆಯದಕ್ಕೆ, ತನ್ನನ್ನು ತಾನೇ ಹೇಸುವುದಕ್ಕೆ, ಕೆಲಸ ಮಾಡುವ ವಿಧಾನ ಇದೆ. ಜಾನ್ ಪಚಾಂಕಿಸ್ ತಂಡ 2015ರಲ್ಲಿ ಪ್ರಕಟಿಸಿದ 10 ಭೇಟಿಗಳ ಕ್ರಮ ಸಿಬಿಟಿಯನ್ನೇ (ಯೋಚನೆ, ನಡವಳಿಕೆಗಳನ್ನು ಬದಲಾಯಿಸುವ ಮಾತಿನ ಚಿಕಿತ್ಸೆ) ಈ ಒತ್ತಡಕ್ಕೆ ಹೊಂದಿಸಿಕೊಂಡದ್ದು. ಅದೇ ಬಗೆಯಲ್ಲಿ ಒಂದು ಅಭ್ಯಾಸ ಹೀಗೆ: ಪುಟದಲ್ಲಿ ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ತನ್ನ ಬಗ್ಗೆ ಮನಸ್ಸು ಹೇಳುವ ಮಾತು, "ನಾನು ಮನೆಗೆ ಕಳಂಕ" ಎಂಬಂಥದು. ಎರಡನೆಯದರಲ್ಲಿ ಅದನ್ನು ಮೊದಲು ಯಾರ ಬಾಯಲ್ಲಿ, ಎಷ್ಟನೇ ವಯಸ್ಸಿನಲ್ಲಿ ಕೇಳಿದ್ದು ಎಂಬುದು. ಮೂರನೆಯದರಲ್ಲಿ ಆ ಮಾತು ಬಂದಾಗ ತಾನು ಮಾಡುವ ಕೆಲಸ: ಕುಡಿತ, ಕೋಣೆ ಸೇರುವುದು, ಗೆಳೆಯರ ಕರೆ ತೆಗೆಯದಿರುವುದು. ಮೂರನೇ ಕಾಲಂ ಬಿಟ್ಟರೆ ಈ ಅಭ್ಯಾಸ ಬರೀ ದುಃಖ ಕೆದಕುವುದಾಗುತ್ತದೆ. ಬದಲಾಯಿಸಲು ಆಗುವುದು ಅಲ್ಲೇ.

ಗಡಿನಾಡು ವಕೀಲೆ:

ಮೂರನೇ ಪ್ರಶ್ನೆ. ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ಬಗ್ಗೆ ವಿಚಾರಿಸಿ. ಕನ್ನಡದಲ್ಲೇ ಮಾತಾಡಬೇಕು, ಪರಿಚಯದವರ ಕಣ್ಣಿಗೂ ಬೀಳಬಾರದು ಎಂದಿದ್ದರೆ ಸುಮಾರು 50 ಕಿ.ಮೀ. ದೂರದ ಮಂಗಳೂರೇ ಸುಲಭ, ರೈಲು ಇದೆ. ಮೊದಲ ಹೆಜ್ಜೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ. ಭಾಷೆ ಕೇಳುವಾಗ ಕನ್ನಡ ಆರಿಸಿ.

ಅಪಾಯಿಂಟ್‌ಮೆಂಟಿಗೆ ಫೋನ್ ಮಾಡುವಾಗಲೇ ಕೇಳಿ: ಸಲಿಂಗಿ ಅಥವಾ ಟ್ರಾನ್ಸ್ ಜನರನ್ನು ನೋಡಿದ ಅನುಭವ ಇದೆಯೇ, ಅದನ್ನು ಬದಲಾಯಿಸಬೇಕಾದ ತೊಂದರೆ ಎಂದು ನೋಡುತ್ತೀರಾ, ನನ್ನ ಒಪ್ಪಿಗೆ ಇಲ್ಲದೆ ಮನೆಯವರಿಗೆ ಹೇಳುತ್ತೀರಾ. ಎರಡನೆಯದಕ್ಕೆ "ಬನ್ನಿ, ನೋಡೋಣ" ಎಂಬ ಉತ್ತರ ಬಂದರೆ ಹೋಗಬೇಡಿ. ಲೈಂಗಿಕತೆ ಬದಲಾಯಿಸಲೆಂದು ಹಾರ್ಮೋನ್ ಇಂಜೆಕ್ಷನ್, ಕರೆಂಟ್ ಶಾಕ್, "ಮದುವೆ ಮಾಡಿಸಿ ಸರಿಯಾಗುತ್ತದೆ" ಎಂಬ ಸಲಹೆ, ಇವು ಕೇಳಿದ ಕೂಡಲೇ ಎದ್ದು ಬರಬೇಕಾದ ಮಾತುಗಳು. ಪುರುಷ ಹಾರ್ಮೋನ್ ಕೊಟ್ಟರೆ ಆಸೆ ಹೆಚ್ಚಬಹುದು, ಆಸೆಯ ದಿಕ್ಕು ತಿರುಗುವುದಿಲ್ಲ. ಖಿನ್ನತೆಗೆ ಮಾತ್ರೆ ಬರೆದರೆ ಅದು ಬೇರೆ ವಿಷಯ, ತೆಗೆದುಕೊಳ್ಳಿ. ಪರಿಣಾಮ ಕಾಣಲು ಕೆಲವು ವಾರ ಬೇಕು, ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017 ನಿಮ್ಮ ಕೈಯಲ್ಲಿರಲಿ. ಸಮುದಾಯದ ನೈತಿಕ, ಧಾರ್ಮಿಕ ನಂಬಿಕೆಗೆ ಹೊಂದದಿರುವುದನ್ನು ಮಾನಸಿಕ ಕಾಯಿಲೆ ಎಂದು ತೀರ್ಮಾನಿಸುವಂತಿಲ್ಲ ಎಂದು 3ನೇ ಸೆಕ್ಷನ್ ಹೇಳುತ್ತದೆ. ಹಳೆಯ ನೀತಿಯನ್ನು ಚಿಕಿತ್ಸೆಯ ಕೋಣೆಯಿಂದ ಹೊರಗಿಡಲೆಂದೇ ಬರೆದ ಹಾಗಿದೆ. 18ನೆಯದು ಲೈಂಗಿಕತೆಯ ಕಾರಣಕ್ಕೆ ತಾರತಮ್ಯ ಬೇಡ ಎನ್ನುತ್ತದೆ, 23 ಗೌಪ್ಯತೆ, 25 ನಿಮ್ಮ ದಾಖಲೆ ನೋಡುವ ಹಕ್ಕು.

ಎಲ್ಲರೂ ಬಿಟ್ಟುಬಿಡುವುದು 14ನೇ ಸೆಕ್ಷನ್. ದೊಡ್ಡವರು ಯಾರೇ ಆದರೂ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ತನ್ನ "ನಾಮನಿರ್ದೇಶಿತ ಪ್ರತಿನಿಧಿ"ಯನ್ನು, ಅಂದರೆ ಮಾನಸಿಕ ಚಿಕಿತ್ಸೆಯ ತೀರ್ಮಾನಗಳಲ್ಲಿ ತನ್ನ ಪರ ನಿಲ್ಲುವವರನ್ನು, ನೇಮಿಸಬಹುದು. ಸ್ನೇಹಿತೆಯಾದರೂ ಸರಿ, ಸಂಗಾತಿಯಾದರೂ ಸರಿ. ನೇಮಿಸದಿದ್ದರೆ ಸಾಮಾನ್ಯವಾಗಿ ಆ ಸ್ಥಾನ ಸಂಬಂಧಿಕರಿಗೆ ಹೋಗುತ್ತದೆ. ಬಲವಂತವಾಗಿ ಆಸ್ಪತ್ರೆಗೆ ಸೇರಿಸುವ ಅಪಾಯ ಇರುವುದೇ ಮನೆಯವರಿಂದ ಎಂದಾದರೆ ಈ ಒಂದು ಹಾಳೆ ಇವತ್ತೇ ಬರೆದಿಡಿ, ಒಂದು ಪ್ರತಿ ಆ ಪ್ರತಿನಿಧಿಯ ಬಳಿ ಇರಲಿ.

ದೂರು: ಬದಲಾಯಿಸುವ "ಚಿಕಿತ್ಸೆ" ವೃತ್ತಿ ದುರ್ನಡತೆ ಎಂದು ವೈದ್ಯಕೀಯ ಆಯೋಗ 2022ರ ಆಗಸ್ಟಿನಲ್ಲಿ ರಾಜ್ಯ ಮಂಡಳಿಗಳಿಗೆ ತಿಳಿಸಿದೆ. 2021ರ ಜೂನ್ 7ರ ಮದ್ರಾಸ್ ಹೈಕೋರ್ಟ್ ಆದೇಶದ ಫಲ ಅದು. ಗಡಿಯವರು ಎಡವುವುದು ಇಲ್ಲಿ: ದೂರು ಹೋಗಬೇಕಾದ್ದು ಡಾಕ್ಟರು ನೋಂದಾಯಿಸಿಕೊಂಡ ರಾಜ್ಯದ ಮಂಡಳಿಗೆ. ಮಂಗಳೂರಿನ ಡಾಕ್ಟರಾದರೆ ಸಾಮಾನ್ಯವಾಗಿ ಕರ್ನಾಟಕ, ಕಾಸರಗೋಡಿನವರಾದರೆ ಕೇರಳ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತು. ಚೀಟಿ, ಬಿಲ್ಲು, ನೋಂದಣಿ ಸಂಖ್ಯೆ ಜೋಪಾನ ಮಾಡಿ. ಕೂಡಿಹಾಕಿದರೆ ಅದು ನ್ಯಾಯ ಸಂಹಿತೆಯ 127ನೇ ಸೆಕ್ಷನ್ನಿನ ಅಪರಾಧ. ಉಚಿತ ಕಾನೂನು ನೆರವಿಗೆ 15100. ಮನೆಯವರು ಕೂಡಿಹಾಕಿದ್ದಾರೆ ಎಂದು ಕೋರ್ಟಿಗೆ ಬರುವ ಪ್ರಕರಣಗಳಲ್ಲಿ ಲೈಂಗಿಕತೆ ಬದಲಾಯಿಸುವ ಕೌನ್ಸೆಲಿಂಗಿಗೆ ಹೈಕೋರ್ಟುಗಳು ಕಳಿಸಕೂಡದು ಎಂದು ಸುಪ್ರೀಂ ಕೋರ್ಟು 2024ರ ಮಾರ್ಚ್ 11ಕ್ಕೆ ಹೇಳಿದೆ, ಆ ಪ್ರಕರಣ ಕೇರಳದ್ದೇ.

ಪಯಸ್ವಿನಿ ತೀರ:

ತುಂಬ ಉಪಕಾರ. ಇನ್ನೊಂದು: ಹತ್ತನೇ ಕ್ಲಾಸಿನ ಮಗು ಮಾಷ್ಟ್ರ ಹತ್ತಿರ ಬಂದು ಹೇಳಿಕೊಂಡರೆ?

ಶಾಲಾ ಕೌನ್ಸೆಲರ್:

ಮೊದಲು ಮಾಡಬಾರದ್ದು: ಆ ಸಂಜೆಯೇ ಮನೆಗೆ ಫೋನ್. ಹೇಳಿಕೊಂಡದ್ದಕ್ಕೆ ಮಗು ಹೊಡೆತ ತಿಂದರೆ ಮತ್ತೆ ಯಾರಿಗೂ ಹೇಳುವುದಿಲ್ಲ. ಲೈಂಗಿಕತೆ ಅಪರಾಧ ಅಲ್ಲ, ಅದಕ್ಕೆ ಎಲ್ಲೂ ವರದಿ ಮಾಡಬೇಕಾಗಿಲ್ಲ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ) 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ಇಷ್ಟು ವಿಷಯ ಮಾತ್ರ ನನ್ನಲ್ಲಿ ಗುಟ್ಟಾಗಿ ಉಳಿಯುವುದಿಲ್ಲ" ಎಂದು ಮಾತಿನ ಆರಂಭದಲ್ಲೇ ಹೇಳಿಬಿಡಿ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಜೀವದ ಪ್ರಶ್ನೆ ಬಂದಾಗ ಮನೆಯಲ್ಲಿ ನಂಬಬಹುದಾದ ಒಬ್ಬರಿಗೆ ಅಪಾಯದ ವಿಷಯ ಮಾತ್ರ ತಿಳಿಸಿ, ಕಾರಣ ಮಗುವೇ ಹೇಳಲಿ. ಅಡಿಕೆ ತೋಟದ ಕೀಟನಾಶಕ, ಅಜ್ಜಿ ಅಜ್ಜನ ಮಾತ್ರೆ ಡಬ್ಬಿ ಬೀಗದೊಳಗೆ ಹೋಗಬೇಕು, ಕೀಲಿ ದೊಡ್ಡವರ ಹತ್ತಿರ. ಸಹಾಯವಾಣಿ: ಟೆಲಿ ಮಾನಸ್ 14416, ಮಕ್ಕಳಿಗೆ 1098.

ಹೆತ್ತವರಿಗೆ ಒಂದೇ ಅಂಕಿ ಹೇಳಿ: ಕೇಟ್ಲಿನ್ ರಯಾನ್ ತಂಡದ 2009ರ ಕ್ಯಾಲಿಫೋರ್ನಿಯಾ ಅಧ್ಯಯನದಲ್ಲಿ, ಮನೆಯವರಿಂದ ತೀವ್ರ ತಿರಸ್ಕಾರ ಕಂಡವರಲ್ಲಿ ಆತ್ಮಹತ್ಯಾ ಯತ್ನದ ಸಾಧ್ಯತೆ, ತಿರಸ್ಕಾರ ಕಾಣದ ಅಥವಾ ಕಡಿಮೆ ಕಂಡವರಿಗೆ ಹೋಲಿಸಿದರೆ, 8.4 ಪಟ್ಟು ಇತ್ತು. ಒಪ್ಪಲು ಸಮಯ ಬೇಕಾದರೆ ಬೇಕು ಎನ್ನಲಿ, ದೇವರ ಮೇಲಿನ ನಂಬಿಕೆ ಬಿಡಬೇಕಾಗಿಯೂ ಇಲ್ಲ. ಊಟದ ಬಟ್ಟಲು, ಶಾಲೆಯ ಫೀಸು, ಮಲಗುವ ಜಾಗ, ಇವನ್ನು ಶಿಕ್ಷೆಯ ಅಸ್ತ್ರ ಮಾಡದಿದ್ದರೆ ಅದೇ ದೊಡ್ಡ ರಕ್ಷಣೆ.

ನಿಮ್ಮ ಸಭೆಯಲ್ಲಿ ನಂಬರುಗಳ ಚೀಟಿ ಹಂಚುವುದಿದ್ದರೆ ಮೇಲೆ "ಎಲ್‌ಜಿಬಿಟಿ" ಎಂದು ಅಚ್ಚು ಹಾಕಬೇಡಿ. "ಮನಸ್ಸಿನ ಆರೋಗ್ಯ, ಕಾನೂನು ನೆರವು" ಎಂದಿರಲಿ, ಎಲ್ಲರಿಗೂ ಕೊಡಿ. ಬೇಕಾದವರೊಬ್ಬರೇ ಕೈ ಚಾಚಬೇಕಾಗಿ ಬಂದರೆ ಯಾರೂ ತೆಗೆದುಕೊಳ್ಳುವುದಿಲ್ಲ.