ಸರ್ಪಸುತ್ತು ವೈರಸ್‌ನ ಜಿಇ ಪ್ರೊಟೀನ್: ಲೆಕ್ಕದಲ್ಲಿ 70, ಜೆಲ್‌ನಲ್ಲಿ 95. ಯಾಕೆ?

ತುಂಗೆಯ ದಡ:
ಎಂ.ಎಸ್ಸಿ. ಕೊನೆಯ ವರ್ಷ, ಶಿವಮೊಗ್ಗದಲ್ಲಿ ಓದುತ್ತಿದ್ದೇನೆ. ಊರು ತೀರ್ಥಹಳ್ಳಿಯ ಹತ್ತಿರ. ಹೋದ ಮಳೆಗಾಲದಲ್ಲಿ ಅಜ್ಜಿಗೆ ಸರ್ಪಸುತ್ತು ಆಗಿತ್ತು. ಊರವರು ಕೆಮ್ಮಣ್ಣು ಹಚ್ಚಿ, ಹಾವಿನ ತಲೆಯೂ ಬಾಲವೂ ಕೂಡದಂತೆ ಕಾದರು. ಗುಳ್ಳೆ ಒಣಗಿದರೂ ಉರಿ ಮೂರು ತಿಂಗಳು ಬಿಡಲಿಲ್ಲ. ಆ ಸಿಟ್ಟಿಗೇ ಈ ವಿಷಯ ಹಿಡಿದೆ.

ವೈರಸ್ ನಮ್ಮಲ್ಲಿಲ್ಲ. ಜಿಇಯ ಜೀನ್ ಮಾತ್ರ ಪ್ಲಾಸ್ಮಿಡ್‌ನಲ್ಲಿದೆ (ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ), ಪ್ರೊಟೀನ್‌ನ ಬಾಲಕ್ಕೆ ಗುರುತಿಗಾಗಿ ಹಿಸ್ಟಿಡಿನ್ ಟ್ಯಾಗ್. ಅದನ್ನು ಮನುಷ್ಯನ ಎಚ್‌ಇಕೆ ಕೋಶಗಳಿಗೆ ಸೇರಿಸಿದೆ. 623 ಅಮೈನೋ ಆಮ್ಲ, ಅಂದರೆ ತೂಕ ಸುಮಾರು 70 ಕಿಲೋಡಾಲ್ಟನ್ ಬರಬೇಕು. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೊಟೀನ್‌ಗಳನ್ನು ಜೆಲ್‌ನಲ್ಲಿ ತೂಕದಂತೆ ಬೇರ್ಪಡಿಸಿ, ಟ್ಯಾಗನ್ನು ಹಿಡಿಯುವ ಆ್ಯಂಟಿಬಾಡಿಯಿಂದ ಪತ್ತೆ ಮಾಡುವುದು) 95ರ ಆಸುಪಾಸು ದಪ್ಪನೆಯ, ಅಂಚು ಕಲಸಿದಂಥ ಪಟ್ಟಿ, ಕೆಳಗೊಂದು ತೆಳುವಾದದ್ದು. 70ರಲ್ಲಿ ಏನೂ ಇಲ್ಲ. ಮೂರು ಸಲ ಮಾಡಿದೆ (ಕರೆಂಟ್ ಹೋಗಿ ಅರ್ಧಕ್ಕೆ ನಿಂತದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ). ಬೇರೆ ಯಾವುದೋ ಪ್ರೊಟೀನ್ ಹಿಡಿದೆನೇ?

ಕೊಪ್ಪದ ಕಾಫಿ:
ಖಾಲಿ ಪ್ಲಾಸ್ಮಿಡ್ ಹಾಕಿದ ಕೋಶಗಳನ್ನು ಪಕ್ಕದ ಸಾಲಿನಲ್ಲಿ ಓಡಿಸಿದ್ದೀರಾ? ಅದಿಲ್ಲದೆ ಮುಂದಿನ ಮಾತೇ ಬೇಡ.

ತುಂಗೆಯ ದಡ:
ಓಡಿಸಿದ್ದೇನೆ ಸರ್. ಆ ಸಾಲಿನಲ್ಲಿ ಏನೂ ಕಾಣಲಿಲ್ಲ.

ಹಳೆಯ ಪಿಪೆಟ್:
ಪಶುವೈದ್ಯ ಪ್ರಯೋಗಾಲಯದಲ್ಲಿ ತಲೆ ನರೆಸಿಕೊಂಡವನು, ಏಕವಚನಕ್ಕೆ ಬೇಸರ ಬೇಡ ತಂಗಿ. ದನದ ಹರ್ಪಿಸ್ ವೈರಸ್‌ನ ಜಿಇ ನನ್ನನ್ನೂ ಹೀಗೇ ಸತಾಯಿಸಿದೆ.

ಜಿಇಯಲ್ಲಿ ಜಿ ಎಂದರೆ ಗ್ಲೈಕೋಪ್ರೊಟೀನ್, ಸಕ್ಕರೆ ಅಂಟಿದ ಪ್ರೊಟೀನ್. ಮೊದಲ 30 ಅಮೈನೋ ಆಮ್ಲಗಳ ಸಂಕೇತ ತುಂಡು ಕತ್ತರಿಸಿ ಹೋಗುತ್ತದೆ, ಅಲ್ಲಿಗೆ ತೂಕ ಇಳಿಯಬೇಕಿತ್ತು. ಆದರೆ ಕೋಶ ಸಕ್ಕರೆ ಸರಪಳಿಗಳನ್ನು ಪೋಣಿಸುತ್ತದೆ. ಎಲ್ಲ ಅಣುಗಳಿಗೂ ಒಂದೇ ಅಳತೆಯಲ್ಲಿ ಅಲ್ಲ, ಅದಕ್ಕೇ ನಿನ್ನ ಪಟ್ಟಿಯ ಅಂಚು ಕಲಸಿರುವುದು. ಕೆಳಗಿನದು ಇನ್ನೂ ಗಾಲ್ಗಿ (ಕೋಶದೊಳಗೆ ಆ ಸಕ್ಕರೆಯನ್ನು ತಿದ್ದಿ ಬಲಿಸುವ ಭಾಗ) ದಾಟದ ಎಳೆಯ ರೂಪವಿರಬೇಕು.

ನೋಡಿಯೇ ಬಿಡು. ಮಾದರಿಯನ್ನು ಮೂರು ಪಾಲು ಮಾಡಿ, ಒಂದನ್ನು ಹಾಗೆಯೇ ಇಡು, ಒಂದಕ್ಕೆ ಎಂಡೋ ಎಚ್, ಇನ್ನೊಂದಕ್ಕೆ ಪಿಎನ್‌ಗೇಸ್ ಎಫ್ ಹಾಕು, ಎರಡೂ ಸಕ್ಕರೆ ಕತ್ತರಿಸುವ ಕಿಣ್ವಗಳು. ಎಂಡೋ ಎಚ್‌ಗೆ ಎಳೆಯ ಸಕ್ಕರೆಯಷ್ಟೇ ದಕ್ಕುವುದು. ಕೆಳಗಿನ ಪಟ್ಟಿ ಕುಸಿಯಬೇಕು, ಮೇಲಿನದು ಹೆಚ್ಚುಕಡಿಮೆ ಅಲ್ಲಾಡಬಾರದು. ಪಿಎನ್‌ಗೇಸ್‌ಗೆ ಎರಡೂ ಇಳಿಯುತ್ತವೆ. ಮೇಲಿನದು 70ಕ್ಕೇ ಬರಲಿಲ್ಲವೆಂದು ಮತ್ತೆ ಅಳಬೇಡ: ಜಿಇಗೆ ಆಮ್ಲಜನಕದ ಮೂಲಕ ಅಂಟಿದ ಸಕ್ಕರೆಯೂ ಇದೆ, ಫಾಸ್ಫೇಟ್ ಕೂಡ. ಅವು ಪಿಎನ್‌ಗೇಸ್‌ಗೆ ಬಗ್ಗುವುದಿಲ್ಲ.

ಕೊಪ್ಪದ ಕಾಫಿ:
ಒಪ್ಪಿದೆ. ಆದರೂ ನಿಮ್ಮ ಆ್ಯಂಟಿಬಾಡಿ ಗುರುತಿಸುವುದು ಟ್ಯಾಗನ್ನು, ಜಿಇಯನ್ನಲ್ಲ. ಪಟ್ಟಿ ಕತ್ತರಿಸಿ, ಟ್ರಿಪ್ಸಿನ್ ಕಿಣ್ವದಿಂದ ತುಂಡರಿಸಿ, ತುಂಡುಗಳ ತೂಕ ಅಳೆದು ಪ್ರೊಟೀನ್ ಯಾವುದೆಂದು ಹೇಳುವ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಕಡೆ ಕಳುಹಿಸಿ. ಅಂದಹಾಗೆ, ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆಯಲ್ಲಿರುವುದೂ ಇದೇ ಜಿಇ, ಪೊರೆಗೆ ಅಂಟುವ ಬಾಲ ತೆಗೆದದ್ದು. ಡೋಸ್‌ಗೆ 50 ಮೈಕ್ರೋಗ್ರಾಂ.

ತುಂಗೆಯ ದಡ:
ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಎಂಡೋ ಎಚ್‌ಗೆ ಕೆಳಗಿನದು ಮಾತ್ರ ಇಳಿಯಿತು. ಪಿಎನ್‌ಗೇಸ್‌ಗೆ ಮೇಲಿನದು 80ರ ಹತ್ತಿರ ಬಂದು ನಿಂತಿತು, ಅಳಲಿಲ್ಲ. ಪಟ್ಟಿ ಬೆಂಗಳೂರಿಗೆ ಹೋಗಿದೆ. ಅಜ್ಜಿಗೆ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿ, "ಪಾಪ, ಅದಕ್ಕೂ ಸಕ್ಕರೆ ಕಾಯಿಲೆಯೇ?" ಎಂದರು.