ಬೆಕ್ಕಿನ ಉಗುರು ಕೀಳಸೂದು ಬ್ಯಾಡ, ಹಗ್ಗ ಎಲ್ಲಿ ಸಿಗತೈತಿ ಹೇಳ್ರಿ

ನಮಸ್ಕಾರ್ರಿ. ಬೆಕ್ಕು ಸೋಫಾ ಹರಿತೈತಿ ಅಂತ ಮನ್ಯಾಗ ಅದರ ಉಗುರು ಬುಡಸಮೇತ ತಗಸೂ ಮಾತು ನಡದೈತಿ. ಅದು ಬರೀ ಉಗುರು ತಗಿಯೂದಲ್ಲ, ಬೆರಳಿನ ತುದಿ ಎಲುಬನ್ನ ಕಡಿಯೂದು. ಮುಂದಿನ ಎರಡು ಕಾಲಿಗೆ 10 ಎಲುಬು! ನೋವಿಗೆ ಉಸುಕಿನ ತಟ್ಟಿ ಬಿಟ್ಟು ಹಾಸಿಗಿ ಮ್ಯಾಲ ಉಚ್ಚಿ ಹೊಯ್ಯೂ ಬೆಕ್ಕೂ ಅದಾವ.

ಎರಡು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿದ್ರ ಸಾಕು. ಒಳಗಿನ ಗುಲಾಬಿ ಭಾಗದಿಂದ 2 ಮಿಲಿಮೀಟರ್ ದೂರ ಇರಬೇಕು, ತಾಗಿದ್ರ ರಕ್ತ.

ಸೋಫಾ ಬಿಟ್ಟು ಬೆಕ್ಕು ಕೆರಿಯಾಕ ಅಂತ, ಸೋಫಾ ಪಕ್ಕ 4 ಇಂಚಿನ ಪಿವಿಸಿ ಪೈಪು 3 ಅಡಿ ಎತ್ತರ ನಿಲ್ಲಿಸಿ ಹಗ್ಗ ಸುತ್ತೂದೈತಿ. ಗಿಡ್ಡ ಆದ್ರ ಮೈ ಚಾಚಾಕ ಆಗೂದಿಲ್ಲ, ಅಲ್ಲಾಡಿದ್ರ ಬೆಕ್ಕು ಮತ್ತ ಮುಟ್ಟೂದಿಲ್ಲ. 8 ಮಿಲಿಮೀಟರ್ ದಪ್ಪದ ಸಿಸಲ್ (ಕತ್ತಾಳಿ ನಾರು) ಇಲ್ಲಾ ಸೆಣಬಿನ ಹಗ್ಗ, ಸುಮಾರು 45 ಮೀಟರ್, ಬೆಳಗಾವ್ಯಾಗ ಬಿಡಿಯಾಗಿ ಎಲ್ಲಿ ಸಿಗತೈತ್ರಿ? ನೈಲಾನ್ ಬ್ಯಾಡ, ಉಗುರು ಜಾರತಾವ. ಮನಿಗೆ ಬಂದು ಉಗುರು ಕತ್ತರಿಸವ್ರು ಇದ್ರೂ ತಿಳಸ್ರಿ.